ಐರಿನ್ ಮಿಸ್ ಬರೆಸಿದ ಅರ್ಜಿ

ನವೆಂಬರ್ ೨೦, ಬುಧವಾರ. ಮೂಡಿಗೆರೆ.

ಆ ಅರ್ಜಿಯನ್ನು ನಾನು ಬರೆದುಕೊಡಬಾರದಿತ್ತು. ನಾನಲ್ಲದಿದ್ದರೆ ಇನ್ಯಾರಾದರೂ ಬರೆಯುತ್ತಿದ್ದರು, ಅದೂ ನಿಜ.

ಬೆಳಿಗ್ಗೆ ಸೋನ್ಸ್ ಸರ್ ಅವರನ್ನು ಅವರ ಚರ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಕ್ರೈಸ್ತರ ಎಲ್ಲ ಪಂಗಡದವರೂ ಕೂಡಿ, ಹಳೇ ಕಾಫಿ ಗೋಡೌನಿನಲ್ಲಿ ಶುರುಮಾಡಿದ ಕಾಲೇಜು ನಮ್ಮದು. ಸರ್ ಪ್ರಾಟೆಸ್ಟೆಂಟ್, ಹೆಂಡತಿ ಐರಿನ್ ಮಿಸ್ ಕ್ಯಾಥೊಲಿಕ್. ಇಬ್ಬರೂ ಅಲ್ಲಿ ಮೊದಲ ದಿನದಿಂದ ಪಾಠ ಹೇಳಿದವರು. ಮದುವೆಯಾದ ಮೇಲೂ ಯಾರೂ ತಮ್ಮ ಚರ್ಚು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಬೇರೆ ಬೇರೆ ದಾರಿ ಹಿಡಿದು ಹೋಗುವರು, ಸಂಜೆ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಒಂದೇ ಬೆಂಚಿನಲ್ಲಿ ಕೂರುವರು. ಆಗ ಅಲ್ಲಿ ಓದುತ್ತಿದ್ದ ನಾವು ಲಿಂಗಾಯತರ ಹುಡುಗಿಯರು ಹಾಸ್ಟೆಲ್ ಕಿಟಕಿಯಿಂದ ನೋಡಿ, ಅಂಥ ಗಂಡ ಸಿಗಲಿ ಎಂದುಕೊಳ್ಳುತ್ತಿದ್ದೆವು.

ಮಣ್ಣು ಮುಚ್ಚಿದ ಮೇಲೆ ಮಿಸ್ ಪಕ್ಕದ ಖಾಲಿ ಜಾಗ ತೋರಿಸಿ, "ಇದು ನನಗಿರ್ಲಿ" ಎಂದರು.

ಪಾಸ್ಟರ್ ತಲೆ ತಗ್ಗಿಸಿದರು. "ಇಲ್ಲಿ ನಮ್ಮ ಚರ್ಚಿನ ಸಭೆಯವ್ರಿಗೆ ಮಾತ್ರ, ಅಮ್ಮ."

ಮನೆಗೆ ಬಂದವರೇ ಮಿಸ್ ಕಾಗದ ತೆಗೆದರು. "ಶೈಲಾ, ನಿನ್ನ ಅಕ್ಷರ ದುಂಡಗಿದೆ. ಅವ್ರ ಸಭೆಗೆ ಸೇರಿಸ್ಕೊಳ್ಳಿ ಅಂತ ನೀನೇ ಬರಿ."

"ಮಿಸ್, ನಲವತ್ತಾರು ವರ್ಷ ನಿಮ್ಮ ಚರ್ಚು ಬಿಡದೆ ಇದ್ದೋರು ನೀವು..."

"ಅವ್ರು ಮನೇಲಿದ್ರಲ್ಲ, ಮಾರಾಯ್ತಿ. ಬಿಡೋ ಅಗತ್ಯ ಇರ್ಲಿಲ್ಲ."

ಬರೆದೆ. ಸಹಿ ಹಾಕಿ, ತಮ್ಮ ಜಪಸರವನ್ನು ನನ್ನ ಅಂಗೈಗೆ ಹಾಕಿದರು. "ಆ ಸಭೆಯವ್ರು ಜಪಸರ ಹಿಡಿಯಲ್ಲ, ಇನ್ನು ಇದು ನನ್ನ ಹತ್ರ ಇರೋದು ಸರಿಯಲ್ಲ." ಅವರು ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ.

ಅದನ್ನು ನಮ್ಮ ದೇವರ ಕೋಣೆಯಲ್ಲಿ ಲಿಂಗದ ಪಕ್ಕ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಪೂಜೆಗೆ ಬರುವ ಅತ್ತೆ, ಇದು ಯಾರದ್ದು ಎಂದು ಕೇಳಿದರೆ, ಏನೆಂದು ಹೇಳಲಿ?