ಹೊಟ್ಟೆಗೆ ಹಾಕಿಕೊಳ್ಳಬೇಕಾದ ತಪ್ಪು

ಸವಣೂರು
೧೮ ನವೆಂಬರ್ ೨೦೨೪

ಹಾನಗಲ್ಲಿನಲ್ಲಿರುವ ಮಗಳು ಅಫ್ಸಾನಾಳಿಗೆ ತಂದೆ ಜಮಾಲಸಾಬನ ದುವಾ-ಸಲಾಮು. ತರುವಾಯ ತಿಳಿಯಪಡಿಸುವುದೇನೆಂದರೆ,

ಮಾಡದ ಕೊಲೆಗೆ ಮರಣದಂಡನೆ ಹೊತ್ತು ಕೊಲ್ಲಿ ದೇಶದ ಜೈಲಿನಲ್ಲಿರುವ ನಿನ್ನ ಗಂಡ ಆಸೀಮನ ವಿಷಯವಾಗಿ ದಿಲ್ಲಿಯಿಂದ ಐದನೆಯ ಉತ್ತರ ಬಂದಿದೆ. ಹಿಂದಿನ ನಾಲ್ಕರಂತೆಯೇ ಇದೆ: ತೀರ್ಪು ಆ ದೇಶದ ಸಾರ್ವಭೌಮತ್ವಕ್ಕೆ ಒಳಪಟ್ಟದ್ದು; ನಾವು ವಿನಂತಿಸಬಹುದೇ ಹೊರತು ಒತ್ತಾಯಿಸಲಾಗದು. ದುಭಾಷಿಯನ್ನೂ ಕೊಡದೆ ವಿಚಾರಣೆ ಮುಗಿಸಿದರಲ್ಲ, ಅದು ಮಾನವ ಹಕ್ಕಿನ ಉಲ್ಲಂಘನೆಯಲ್ಲವೇ ಎಂದು ಕೇಳಿದರೆ ಮತ್ತೆ ಸಾರ್ವಭೌಮತ್ವ ಎನ್ನುತ್ತಾರೆ. ಸಾರ್ವಭೌಮತ್ವಕ್ಕೆ ಕುತ್ತಿಗೆಯಿಲ್ಲ. ಆಸೀಮನಿಗಿದೆ.

ಈ ಸಲ ಆ ದೇಶದವರ ಟಿಪ್ಪಣಿಯೂ ಲಗತ್ತಾಗಿತ್ತು. ಹಾವೇರಿಯ ವಕೀಲೆ ನೇತ್ರಾ ಓದಿ ಕಣ್ಣು ಅಗಲಿಸಿದಳು. “ಚಾಚಾ, ಮನಿ ಮಂದೀನೇ ತಪ್ಪು ಒಪ್ಪಿಕೊಂಡಾರ ಅಂತ ಬರದಾರಲ್ರಿ! ನೀವು ಅರ್ಜಿಯೊಳಗ ಏನ್ ಬರದಿದ್ರಿ?”

ಏನು ಬರೆದಿದ್ದೆ? ತಾಲೂಕು ಕಚೇರಿಯ ಮುಂದೆ ಕುಳಿತು ನಲವತ್ತೊಂದು ವರ್ಷ, ಪಡಿತರ ಚೀಟಿಯಿರಲಿ ಪಹಣಿಯಿರಲಿ, ಪ್ರತಿ ಅರ್ಜಿಯ ಕೊನೆಗೆ ಬರೆದುದನ್ನೇ: “ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಕಾಪಾಡಬೇಕು.” ಅರಬ್ಬಿಗೆ ತಂದವನು ಹೊಟ್ಟೆಯನ್ನು ಬಿಟ್ಟು ತಪ್ಪನ್ನಷ್ಟೇ ಒಯ್ದಿದ್ದಾನೆ. ಕೊನೆಯ ಮೇಲ್ಮನವಿಯಲ್ಲಿ ಅಲ್ಲಿಯ ಸರ್ಕಾರಿ ವಕೀಲರು ಅದನ್ನೇ ಸಾಕ್ಷ್ಯವಾಗಿ ಇಟ್ಟಿದ್ದಾರೆ.

ಅನುವಾದಕನನ್ನು ಬೈದೆ, ದಿಲ್ಲಿಯವರನ್ನು ಬೈದೆ. ಆದರೆ ಅಂದು ಸಹಿ ಮಾಡುವ ಮೊದಲು ನೀನು ಕೇಳಿದ್ದೆ: “ಅಬ್ಬಾ, ಅವರು ಕೊಂದೇ ಇಲ್ಲ ಅಂದಮ್ಯಾಲ ಇದ್ಯಾವ ತಪ್ಪು ಬರದೀರಿ?” ನಾನು ನಕ್ಕು, “ಅರ್ಜಿ ಅಂದ್ರ ಹಿಂಗ ಇರ್ತೈತಿ. ತಾಲೂಕು ಕಚೇರಿ ಸಾಹೇಬರೇ ಮೆಚ್ಚಿದ ಅಕ್ಷರ ಇವು. ಸುಮ್ನ ಸಹಿ ಹಾಕು” ಎಂದಿದ್ದೆ. ನೀನು ಹಾಕಿದೆ. ಇದನ್ನು ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಆದಕಾರಣ ಈ ಪತ್ರ.

ಅದು ತಪ್ಪೊಪ್ಪಿಗೆಯಲ್ಲ, ಅರ್ಜಿಯ ರೂಢಿಮಾತು ಎಂದು ತಿಳಿಸುವ ನಮ್ಮಿಬ್ಬರ ಪ್ರಮಾಣಪತ್ರವೂ ತಿಂಗಳೊಳಗೆ ರಾಯಭಾರ ಕಚೇರಿ ತಲುಪಬೇಕು. ಶುಕ್ರವಾರ ಹಾವೇರಿಗೆ ಬಾ. ನಿನ್ನದನ್ನು ನೀನೇ ಹೇಳಿ ಬರೆಸು. ನಾನು ಹೊರಗೆ ಕೂರುತ್ತೇನೆ.

ನಿನ್ನ ತಂದೆ,
ಜಮಾಲಸಾಬ

ತಾ.ಕ.: ನನ್ನ ಪ್ರಮಾಣಪತ್ರ ಇಂದೇ ಆಯಿತು. ಉದ್ಯೋಗದ ಕಾಲಮಿಗೆ ನೇತ್ರಾ ‘ಅರ್ಜಿ ಬರಹಗಾರ’ ಎಂದು ಬರೆದಿದ್ದಳು. ಹೊಡೆದು ಹಾಕಿಸಿ, ‘ಅರ್ಥ ತಿಳಿಯದೆ ನಕಲು ಮಾಡುವವ’ ಎಂದು ಬರೆಸಿ ರುಜು ಮಾಡಿದ್ದೇನೆ. ನೀನು ಅದನ್ನು ನೋಡಿ ತಿದ್ದಿಸಲು ಹೋಗಬೇಡ.