ಮುಜಂಟಿ ಬಿಟ್ಟು ತೊಳೆದ ಗೋಡೆ

ಕಡಬ,
೧೪-೧೧-೨೦೨೪, ಗುರುವಾರ

ಸುರಕ್ಷಾಳ ಅಪ್ಪನಿಗೆ ಸೇವಂತಿಯ ನಮಸ್ಕಾರಗಳು.

ಇಚಿಲಂಪಾಡಿಯಲ್ಲಿ ನೀವು ಕ್ಷೇಮವೆಂದು ದಮಯಂತಿ ಅತ್ತಿಗೆ ಫೋನು ಮಾಡಿ ತಿಳಿಸಿದರು. ನಿಮ್ಮ ಫೋನಂತೂ ಐದು ದಿನದಿಂದ ಸ್ವಿಚ್ ಆಫ್. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು, ಅಕ್ಷರ ನೋಡಿ ನಗಬೇಡಿ. ಮೊಣಕಾಲು ನೋವು ಹೇಗಿದೆ? ಸಿಟ್ಟಿನಲ್ಲಿ ಅಕ್ಕನ ಮನೆಗೆ ಹೊರಟವರು ಬಿ.ಪಿ. ಮಾತ್ರೆಯನ್ನು ಕಪಾಟಿನಲ್ಲೇ ಬಿಟ್ಟು ಹೋಗಿದ್ದೀರಿ. ಇದರ ಜೊತೆ ಕಳಿಸಿದ್ದೇನೆ. ಬೆಳಿಗ್ಗೆ ಒಂದೇ ತೆಗೆದುಕೊಳ್ಳಿ, ತಪ್ಪಿದ ದಿನದ್ದನ್ನೆಲ್ಲ ಸೇರಿಸಿ ನುಂಗಬೇಡಿ.

ಹೌದು, ಗೋಡೆ ತೊಳೆಸಿದೆ. ಆದಿತ್ಯವಾರ ಮಗಳ ಮದುವೆ ನಿಶ್ಚಯದ ವೀಳ್ಯಶಾಸ್ತ್ರಕ್ಕೆ ಗಂಡಿನ ಕಡೆಯವರು ನಲವತ್ತು ಜನ ಬರುವಾಗ, ಸಾರಣೆ ಕಾಣದ ನಮ್ಮ ಕೆಂಪುಕಲ್ಲಿನ ಗೋಡೆ ಮಳೆಗಾಲದ ಹಾವಸೆ ಹಿಡಿದು ದೋಸೆ ಕಾವಲಿಯ ಹಾಗೆ ಕಪ್ಪಗಿದ್ದರೆ ಹೇಗೆ? ನೀವು ಬೇಡವೆಂದದ್ದು ಕಲ್ಲಿನ ಸಂದಿಯಲ್ಲಿರುವ ಮುಜಂಟಿ ಜೇನಿಗಾಗಿ ಎಂದು ನನಗೂ ಗೊತ್ತು. ಸುರಕ್ಷಾ ಹುಟ್ಟುವ ಮೊದಲೇ ಬಂದು ಕೂತ ಹುಳಗಳು. ಅವಳ ಕೆಮ್ಮಿಗೆ ಅದೇ ಜೇನು ನೆಕ್ಕಿಸಿದವರು ನೀವು. ಆದರೂ ಅಂದು ಗೋಡೆ ನೋಡಲು ಬಂದಿದ್ದ ಮೆಷಿನಿನ ಉದಯನ ಎದುರು, “ಒಂದು ಮುಷ್ಟಿ ನೊಣಕ್ಕೋಸ್ಕರ ಮಗಳ ಮರ್ಯಾದೆ ತೆಗೀಬೇಡಿ, ನಿಮಗೆ ಎಂತ ಗೊತ್ತುಂಟು” ಎಂದುಬಿಟ್ಟೆ. ನೀವು ಚಪ್ಪಲಿ ಮೆಟ್ಟಿ ಹೊರಟೇ ಹೋದಿರಿ.

ನಿನ್ನೆ ಉದಯ ನೀರು ರಭಸದಿಂದ ಹೊಡೆಯುವ ಪ್ರೆಶರ್ ಮೆಷಿನ್ ತಂದ. ಮೂರು ಗೋಡೆ ಮುಗಿಸಿ ಜಗಲಿ ಪಕ್ಕದ ಗೋಡೆಗೆ ಬಂದಾಗ ಮುಜಂಟಿಯ ಮೇಣದ ಕೊಳವೆ ಕಂಡಿತು. ಕಿರುಬೆರಳಿನಷ್ಟು ಉದ್ದ, ಬಾಯಲ್ಲಿ ನಾಲ್ಕು ಹುಳಗಳ ಕಾವಲು. “ಇದು ಒಂದೇ ಪೆಟ್ಟಿಗೆ ಹೋಗ್ತದೆ ಅಕ್ಕಾ, ಹೊಡೀಲಾ?” ಎಂದ. “ಬೇಡ ಮಾರಾಯಾ, ನಿಲ್ಲು” ಎಂದು ತೆಂಗಿನಕಾಯಿಯ ಗೆರಟೆ ತಂದು ಕೊಳವೆಯ ಮೇಲೆ ಕವುಚಿ, ಕೈಯಲ್ಲಿ ಒತ್ತಿ ಹಿಡಿದು ನಿಂತೆ. ಅವನು ಸುತ್ತಲೂ ದೂರದಿಂದ ನೀರು ಹೊಡೆದ. ಸೀರೆ ಪೂರ್ತಿ ಒದ್ದೆ, ಮುಖಕ್ಕೆಲ್ಲ ಹಾವಸೆ. ಹೊರಗಿದ್ದ ಹುಳಗಳು ಬಾಗಿಲು ಕಾಣದೆ ನನ್ನ ಕೂದಲಿಗೇ ಅಂಟಿಕೊಂಡವು. ಚುಚ್ಚುವ ಜಾತಿಯಲ್ಲ, ಸರಿ. ಆದರೆ ಒಂದೊಂದನ್ನೇ ಬಿಡಿಸಲು ಸುರಕ್ಷಾಳಿಗೆ ಒಂದು ಗಂಟೆ ಹಿಡಿಯಿತು. ಅವಳು ನಕ್ಕದ್ದು ಪೇಟೆಗೆ ಕೇಳಿರಬೇಕು. ಈಗ ಗೋಡೆಯೆಲ್ಲ ಹೊಸ ಕಲ್ಲಿನ ಹಾಗೆ ಕೆಂಪಗಿದೆ, ನಡುವೆ ತಟ್ಟೆಯಗಲ ಮಾತ್ರ ಕಪ್ಪು. ಸಂಜೆ ಹುಳಗಳು ಒಳಗೆ ಹೊರಗೆ ಓಡಾಡುತ್ತಿದ್ದವು. ಬೀಗರು ಆ ಕಪ್ಪು ಎಂತದು ಎಂದು ಕೇಳಿದರೆ ನೀವೇ ವಿವರಿಸಬೇಕು, ನನಗೆ ಬರುವುದಿಲ್ಲ.

ವೀಳ್ಯದ ಹರಿವಾಣ ಕೊಡಬೇಕಾದವರು ಹುಡುಗಿಯ ಅಪ್ಪ. ನೀವು ಬಾರದಿದ್ದರೆ ತಾನು ಕೊಡುತ್ತೇನೆಂದು ನಿಮ್ಮ ಅಣ್ಣ ತ್ಯಾಂಪಣ್ಣ ಭಾವ ಹೇಳಿದರು. ಸುರಕ್ಷಾ, “ಅಪ್ಪ ಕೊಡುದಾದ್ರೆ ಮಾತ್ರ ನಾನು ಹೊರಗೆ ಬರುದು” ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಟದಲ್ಲಿ ಅವಳು ನಿಮ್ಮ ಮಗಳೇ. ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ.

ಇಂತಿ ನಿಮ್ಮ
ಸೇವಂತಿ

ವಿ.ಸೂ.: ಕಾಗದ ಮಗಳು ಓದಿ ನೋಡುತ್ತಾಳೆಂದು ಇದನ್ನು ಮೇಲೆ ಬರೆಯಲಿಲ್ಲ, ಅವಳು ಓದಿ ಕೊಟ್ಟ ಮೇಲೆ ಸೇರಿಸಿದ್ದೇನೆ. ಬೇರೆಯವರ ಎದುರು ನಿಮಗೆ ಹಾಗೆ ಹೇಳಬಾರದಿತ್ತು, ತಪ್ಪು ನನ್ನದೇ. ನಿನ್ನೆ ಕೆಲಸ ಮುಗಿದ ಮೇಲೆ ಉದಯನನ್ನು ನಿಲ್ಲಿಸಿ ಅವನಿಗೂ ಅದನ್ನೇ ಹೇಳಿ ಕಳಿಸಿದ್ದೇನೆ. ಐದು ದಿನದಿಂದ ನನಗೆ ಊಟ ಸೇರುತ್ತಿಲ್ಲ. ಈ ಕಾಗದ ತರುವ ಮೀನಿನ ಕುಂಞಿ ಮೋನು ಮೀನು ಮಾರಿ ಮುಗಿಸಿ ಹನ್ನೊಂದು ಗಂಟೆಗೆ ಖಾಲಿ ಸ್ಕೂಟರಿನಲ್ಲಿ ಹಿಂದೆ ಬರುತ್ತಾರೆ. ಉತ್ತರ ಬರೆದು ಕಳಿಸಬೇಡಿ, ಅವರ ಹಿಂದೆ ಕೂತು ನೀವೇ ಬನ್ನಿ.