ಸರಿ ಬರೀಲಾ, ತಪ್ಪು ಬರೀಲಾ?

ಚಾಮರಾಜಪೇಟೆ
೧೧ ಜೂನ್ ೨೦೨೪, ಮಂಗಳವಾರ

ಅಮ್ಮನಿಗೆ ಸುಚೇತಾಳ ನಮಸ್ಕಾರ.

ಫೋನ್ ಮಾಡದೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಹೂಂ ಎಂದುಬಿಡುತ್ತೇನೆ. ಭಾನುವಾರ ಬಸವನಗುಡಿಯ ತುಳಸಮ್ಮನವರು ತಮ್ಮ ಕಿರಿಯ ಮಗ ಕಶ್ಯಪನಿಗೆ ನನ್ನನ್ನು ಕೇಳಲು ತುಮಕೂರಿಗೆ ಬರುತ್ತಾರಂತೆ. ಬೇಡವೆಂದು ಹೇಳು.

ಬೇಸಿಗೆ ರಜೆಯಲ್ಲಿ ನನ್ನನ್ನು ಆ ಮನೆಗೆ ಕಳಿಸುವಾಗ ಏನು ಹೇಳಿದ್ದೆ, ನೆನಪಿದೆಯೇ? ಗೊತ್ತಿದ್ದವರ ಮೊಮ್ಮಗಳು, ಇಂಗ್ಲಿಷ್ ಮೀಡಿಯಂ ಮಗು, ಕನ್ನಡದಲ್ಲಿ ಹ್ರಸ್ವ ದೀರ್ಘ ತಿಳಿಯುವುದಿಲ್ಲ, ಎಂ.ಎ. ಮಾಡಿ ರೂಮಿನಲ್ಲಿ ಕೂತಿದ್ದೀಯಲ್ಲ, ಹೋಗಿ ಹೇಳಿಕೊಡು ಎಂದೆ. ಹೋದೆ.

ಧೃತಿಗೆ ಎಂಟು ವರ್ಷ. ಮೊದಲ ದಿನವೇ ‘ಚಿಕ್ಕಪ್ಪ ಕರು ತೊಳೆದರು’ ಎಂದು ಬರೆದಳು. ಬಾಗಿಲಲ್ಲಿ ಇದ್ದದ್ದು ಕಾರು. ಅವಳ ಬೆರಳನ್ನು ಮೇಜಿನ ಮೇಲೆ ಇಡಿಸಿ, ಹ್ರಸ್ವಕ್ಕೆ ಒಂದು ತಟ್ಟು, ದೀರ್ಘಕ್ಕೆ ಮೇಜಿನ ಅಂಚಿನವರೆಗೆ ಎಳೆ ಎಂದು ಹೇಳಿಕೊಟ್ಟೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೆ ಇಬ್ಬರೂ ಬೆರಳು ಎಳೆಯುತ್ತಿದ್ದೆವು. ಮಗು ತಟ್ಟನೆ ಹಿಡಿದುಕೊಂಡಿತು. ಮರುದಿನ ನೋಡಿದರೆ ಮತ್ತೆ ಕರು! ಕೆಲವು ಸಲ ಸರಿಯಾಗಿ ಬರೆದದ್ದನ್ನೇ ರಬ್ಬರಿನಿಂದ ಅಳಿಸಿ ತಪ್ಪು ಮಾಡುತ್ತಿದ್ದಳು. ನನಗೆ ಹೇಳಿಕೊಡಲು ಬರುವುದಿಲ್ಲವೆಂದುಕೊಂಡು ರೂಮಿಗೆ ಬಂದು ಬಣ್ಣದ ಕಾಗದದಲ್ಲಿ ಅಕ್ಷರ ಕತ್ತರಿಸುತ್ತ ಕೂತೆ. ಶಾಲೆ ಶುರುವಾದರೂ ಪಾಠ ಮುಗಿಯಲಿಲ್ಲ.

ನಿನ್ನೆ ನಾನು ಹೋದಾಗ ತುಳಸಮ್ಮನವರು ಪೂಜೆಯಲ್ಲಿದ್ದರು. ಧೃತಿ ಪೆನ್ಸಿಲ್ ಹಿಡಿದು, ಬಾಗಿಲ ಕಡೆ ನೋಡಿ, ಮೆಲ್ಲಗೆ, “ಮಿಸ್, ಇವತ್ತು ಸರಿ ಬರೀಲಾ, ತಪ್ಪು ಬರೀಲಾ? ಅಜ್ಜಿ ಏನೂ ಹೇಳಿಲ್ಲ” ಎಂದಳು.

ಯಾಕೆ ತಪ್ಪು ಎಂದು ಕೇಳಿದೆ.

“ತಪ್ಪು ಬರೆದ್ರೆ ನೀವು ನಾಳೆನೂ ಬರ್ತೀರಂತೆ. ಚಿಕ್ಕಪ್ಪಂಗೆ ನೀವು ಸರಿಹೋಗ್ತೀರಾ ಅಂತ ಅಜ್ಜಿ ನೋಡ್ತಿದಾರೆ. ಯಾರಿಗೂ ಹೇಳ್ಬಾರದಂತೆ.”

ಆಗ ನನಗೆ ಎಲ್ಲ ಅರ್ಥವಾಯಿತು. ಒಂದು ದಿನ ನನ್ನಿಂದ ಅಟ್ಟದ ಮೇಲಿನ ಡಬ್ಬಿ ತೆಗೆಸಿದ್ದು ನನ್ನ ಎತ್ತರ ನೋಡಲು. ಸಕ್ಕರೆಯಿಲ್ಲದ ಕಾಫಿ ಕೊಟ್ಟದ್ದು ಗೊಣಗುತ್ತೇನೆಯೇ ಎಂದು ನೋಡಲು. ನಾಚಿಕೆಗೆ ಕೇಳಲಾರದೆ ಕುಡಿದೆ. ಅವರು ಅದನ್ನು ಸಹನೆ ಎಂದುಕೊಂಡರು. ನನಗೆ ಮಾತು ಹೊರಡದಿರುವುದೇ ಆ ಮನೆಯಲ್ಲಿ ದೊಡ್ಡ ಗುಣ. ಬದನೆಕಾಯಿಯನ್ನಾದರೂ ಗಾಂಧಿಬಜಾರಿನಲ್ಲಿ ಎಲ್ಲರ ಎದುರಿಗೇ ತಿರುಗಿಸಿ ನೋಡುತ್ತಾರೆ.

ತುಳಸಮ್ಮನವರು ಕುಂಕುಮ ಇಟ್ಟುಕೊಳ್ಳುತ್ತಲೇ ಬಂದರು. ಮಗು ಹೇಳಿದ್ದು ನಿಜವೇ ಎಂದು ಕೇಳಿದೆ. ಸ್ವಲ್ಪವಾದರೂ ಮುಜುಗರ ಪಡುತ್ತಾರೆಂದುಕೊಂಡೆ. ನಕ್ಕರು.

“ಅಯ್ಯೋ, ಬಾಯಿ ಬಿಟ್ಬಿಡ್ತಾ ಮಗು? ಹೋಗ್ಲಿ ಬಿಡು. ಹುಡುಗಿ ನೋಡೋ ದಿನ ಎಲ್ಲಾರೂ ಬೆಣ್ಣೆ ಥರಾನೇ ಇರ್ತಾರೆ ಕಣಮ್ಮ. ದಿನಾ ಬಂದು ಹೋದ್ರೆ ತಾನೇ ಗುಣ ಗೊತ್ತಾಗೋದು? ನಿಮ್ಮಮ್ಮ ಒಪ್ಪಿದ್ಮೇಲೇನೇ ಮಾಡಿದ್ದು. ಸಂತೋಷ ಪಡು, ನೀನು ಪಾಸು!”

ನಿಮ್ಮಮ್ಮ ಒಪ್ಪಿದ್ಮೇಲೆ. ಆ ಮಾತು ಕೇಳಿದಾಗ ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದೆ, ಅಮ್ಮ. ಅವರು ಅದನ್ನೂ ನಾಚಿಕೆ ಎಂದೇ ಲೆಕ್ಕ ಹಾಕಿರುತ್ತಾರೆ.

ಕಶ್ಯಪ್ ವರಾಂಡದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ನಿಮಗೂ ಗೊತ್ತಿತ್ತೇ ಎಂದು ಕೇಳಿದೆ. ಮೂವತ್ತೆರಡು ವರ್ಷದ ಗಂಡಸು ಒಳಗೆ ತಾಯಿಯ ಕಡೆ ಒಮ್ಮೆ ನೋಡಿ, “ನಂಗೆ ಓಕೆ ಅಂತ ಮೊದಲನೇ ವಾರಾನೇ ಹೇಳ್ದೆ ರೀ. ಅಮ್ಮಾನೇ, ಇನ್ನೊಂದ್ ಸ್ವಲ್ಪ ನೋಡೋಣ ತಾಳು ಅಂದ್ರು” ಎಂದ. ಅಷ್ಟು ಹೇಳಿದರೆ ತಾನು ಕ್ಷಮೆ ಕೇಳಿದಂತಾಯಿತು ಎಂದೇ ಅವನು ತಿಳಿದಿರಬೇಕು.

ಹೊರಡುವ ಮೊದಲು ಧೃತಿಯ ಪಕ್ಕ ಕೂತೆ. ಇನ್ನು ತಪ್ಪು ಬರೆಯಬೇಕಾಗಿಲ್ಲ ಪುಟ್ಟಿ, ಕಾರು ಬರಿ ಎಂದೆ. ‘ಕ’ ಬರೆದಳು. ಬೆರಳು ಎಳೆಯಲಿಲ್ಲ, ತಟ್ಟಲಿಲ್ಲ. ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಬರಿ ಎಂಬಂತೆ ತಲೆಯಾಡಿಸಿದ ಮೇಲೆ ದೀರ್ಘ ಎಳೆದಳು.

ಒಂದು ಅಕ್ಷರ ಎಷ್ಟು ಉದ್ದವೆಂದು ತಿಳಿಯಲು ಅಜ್ಜಿಯ ಮುಖ ನೋಡುವ ಮಗುವನ್ನು ತಯಾರು ಮಾಡಿದ್ದಾರೆ, ಅದೂ ನನ್ನ ಪಾಠದ ಹೆಸರಿನಲ್ಲಿ. ಮಗನನ್ನು ಹಾಗೆ ಬೆಳೆಸಿ ಆಗಿದೆ. ಆ ಸಾಲಿನಲ್ಲಿ ಮೂರನೆಯವಳಾಗಿ ನಾನು ಕೂರುವುದಿಲ್ಲ. ಒಳ್ಳೆಯ ಮನೆತನ, ಸ್ವಂತ ಮನೆ, ಒಬ್ಬಳೇ ಓರಗಿತ್ತಿ ಎಂದು ನೀನು ಹೇಳುತ್ತೀಯ. ಮನೆ ಚೆನ್ನಾಗಿಯೇ ಇದೆ. ಆ ಮನೆಯಲ್ಲಿರುವವರನ್ನು ನೋಡಿದರೆ ನನಗೆ ಅಸಹ್ಯ.

ನಿನ್ನ ಮೇಲೂ ಕೋಪವಿದೆ. ಅದನ್ನು ಬರೆದು ಮುಗಿಸುವಷ್ಟು ಕಾಗದ ಇಲ್ಲಿಲ್ಲ. ಬಿ.ಪಿ. ಮಾತ್ರೆ ಮರೆಯಬೇಡ.

ನಿನ್ನ
ಸುಚೇತಾ

ತಾ.ಕ.: ಹುಡುಗನದೇನು ತಪ್ಪು ಎಂದು ನೀನು ಕೇಳಿಯೇ ಕೇಳುತ್ತೀಯ. ಕಾಲೇಜಿನಲ್ಲಿ ಹಾಜರಿ ಕೂಗಿದರೂ ನನ್ನ ದನಿ ಹೊರಡುತ್ತಿರಲಿಲ್ಲ. ಆ ಮನೆಯಲ್ಲಿ, ಅವನು ವರಾಂಡದಲ್ಲಿ ಕೂತಿರುತ್ತಾನೆಂದು, ಮೇ ತಿಂಗಳಿಡೀ ಗಟ್ಟಿಯಾಗಿ ಪಾಠ ಹೇಳಿದೆ. ಬೀದಿಯ ತಿರುವಿನಲ್ಲಿ ನಿಲ್ಲಿಸಿ ಒಂದು ಮಾತು ನನ್ನನ್ನೇ ಕೇಳಿದ್ದರೆ ಸಾಕಿತ್ತು, ಒಪ್ಪಿಕೊಂಡುಬಿಡುತ್ತಿದ್ದೆ.